ನಮ್ಮೂರ ಮುನ್ಸೀಫರು

ನಮ್ಮಲ್ಲಿ ಅನೇಕರಿಗೆ ಊರಿನ ನೆನಪಿನ ಜೊತೆಗೆ ಊರಿನದೊಂದು ವ್ಯಾಜ್ಯವೂ ಉಂಟು. ಗದ್ದೆಯ ಬದು, ಮನೆಯ ಪಾಲು, ಬಾವಿಯ ಹಕ್ಕು ಇವೆಲ್ಲ ಮೊದಲು ಹೋಗಿ ನಿಲ್ಲುವುದು ತಾಲ್ಲೂಕಿನ ಮುನ್ಸೀಫ್ ಕೋರ್ಟಿನಲ್ಲಿ. ಸಾಕ್ಷಿಯ ಮುಖ ನೋಡಿ ಮಾತು ಕೇಳುವವರು ಅಲ್ಲಿಯ ನ್ಯಾಯಾಧೀಶರು. ಮೇಲಿನ ಕೋರ್ಟುಗಳು ಬಹುಮಟ್ಟಿಗೆ ಅವರು ಬರೆದಿಟ್ಟದ್ದನ್ನು ಓದಿ ತೀರ್ಮಾನಿಸುತ್ತವೆ. ಆದ್ದರಿಂದ ಆ ಕುರ್ಚಿಗೆ ಎಂಥವರು ಬಂದರು ಎಂಬುದು ತಿಳಿಯತಕ್ಕ ವಿಷಯ.

'ಮುನ್ಸೀಫ್' ಅರಬ್ಬೀ ಮೂಲದ ಶಬ್ದ. ನ್ಯಾಯ ಮಾಡುವವನೆಂದು ಅರ್ಥ. 'ಇನ್ಸಾಫ್' ಸಹ ಅದೇ ಧಾತುವಿನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಜಿಲ್ಲೆಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಬಳ್ಳಾರಿಯ ಸೀಮೆಯಲ್ಲೂ 1807ರವರೆಗೆ ಆಡಳಿತ ನಡೆಸಿದರು. ಸ್ಥಳೀಯರ ವ್ಯಾಜ್ಯವನ್ನು ಸ್ಥಳೀಯರೇ ಚೆನ್ನಾಗಿ ಬಗೆಹರಿಸಬಲ್ಲರೆಂಬುದು ಅವರ ನಂಬಿಕೆ. ಅವರ ಪ್ರಯತ್ನದಿಂದ 1816ರಲ್ಲಿ ಮದ್ರಾಸ್ ಸರ್ಕಾರ ಕಾನೂನು ಮಾಡಿ, ಸಣ್ಣಪುಟ್ಟ ದಾವೆಗಳನ್ನು ಗ್ರಾಮದ ಮುಖ್ಯಸ್ಥನಿಗೂ, ಅದಕ್ಕಿಂತ ದೊಡ್ಡವನ್ನು ದೇಶೀಯರೇ ಆದ ಜಿಲ್ಲಾ ಮುನ್ಸೀಫರಿಗೂ ವಹಿಸಿತು. ಹೀಗೆ ಮೊದಲ ಅರ್ಹತೆ ಊರಿನ ತಿಳುವಳಿಕೆಯಾಗಿತ್ತು.

ಮೈಸೂರಿನಲ್ಲಿ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಅಮಲ್ದಾರರು ಕಂದಾಯದ ಜೊತೆಗೆ ಸಣ್ಣ ದಾವೆಗಳನ್ನೂ ನೋಡುತ್ತಿದ್ದರು. ಕ್ರಮೇಣ ಕಂದಾಯ ಬೇರೆ, ನ್ಯಾಯ ಬೇರೆ ಆಯಿತು. ಕಾನೂನು ಪದವಿ ಪಡೆದು ವಕೀಲಿ ಮಾಡಿದವರು ಮುನ್ಸೀಫರಾಗತೊಡಗಿದರು. ನೆರೆಯ ತಿರುವಾಂಕೂರಿನಲ್ಲಿ 1937ರಲ್ಲಿ ಅನ್ನಾ ಚಾಂಡಿಯವರು ಮುನ್ಸೀಫರಾದರು. ಮುಂದೆ 1959ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಾಧೀಶರೂ ಆದರು.

1950ರ ಸಂವಿಧಾನ ಈ ನೌಕರಿಯನ್ನು ಹೈಕೋರ್ಟಿನ ಹತೋಟಿಗೆ ಒಪ್ಪಿಸಿತು. 1974ರ ಏಪ್ರಿಲಿನಲ್ಲಿ ಹೊಸ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂದು ಕ್ರಿಮಿನಲ್ ವಿಚಾರಣೆಯೂ ನ್ಯಾಯಾಂಗದ ಮ್ಯಾಜಿಸ್ಟ್ರೇಟರ ಪಾಲಾಯಿತು. ಇಂದು ಮುನ್ಸೀಫ್ ಎಂಬ ಹೆಸರು ಹೋಗಿ ಸಿವಿಲ್ ನ್ಯಾಯಾಧೀಶರಾಗಿದ್ದಾರೆ. ಪರೀಕ್ಷೆ, ಸಂದರ್ಶನ, ತರಬೇತಿ, ಆಮೇಲೆ ಊರಿಂದೂರಿಗೆ ವರ್ಗ. ಹಿರಿಯ ಸಿವಿಲ್ ನ್ಯಾಯಾಧೀಶರಾಗಿ, ಜಿಲ್ಲಾ ನ್ಯಾಯಾಧೀಶರಾಗಿ ಬಡ್ತಿ. ಹೈಕೋರ್ಟು ಮುಟ್ಟುವವರು ಕೆಲವರೇ.

ಆದರೆ ಹೊಸಬರಿಗೆ ವಕೀಲಿಯ ಅನುಭವ ಬೇಕೇ? ಬೇಕು, ಮೂರು ವರ್ಷ, ಎಂದು ಸುಪ್ರೀಂ ಕೋರ್ಟು 1993ರಲ್ಲಿ ಹೇಳಿತು. ಅಷ್ಟು ಕಾಲ ಕಾಯಬೇಕಾದರೆ ಪ್ರತಿಭಾವಂತರು ಈ ಕಡೆ ಬರುವುದಿಲ್ಲವೆಂದು ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗ ಅಭಿಪ್ರಾಯಪಟ್ಟಿತು. 2002ರಲ್ಲಿ ಕೋರ್ಟು ಆ ನಿಯಮ ತೆಗೆಯಿತು. 2025ರ ಮೇ ತಿಂಗಳಲ್ಲಿ ಮತ್ತೆ ತಂದಿತು.

ನಾವು ನೆಲಸಿರುವ ಅಮೆರಿಕದಲ್ಲೂ ಇದೇ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳಿವೆ. ಮಿಸಿಸಿಪಿ ರಾಜ್ಯ 1832ರಲ್ಲೇ ತನ್ನ ನ್ಯಾಯಾಧೀಶರೆಲ್ಲರನ್ನೂ ಜನರ ಮತಕ್ಕೆ ಬಿಟ್ಟಿತು. ನ್ಯೂಯಾರ್ಕ್ ರಾಜ್ಯದ ಹಳ್ಳಿ ಕೋರ್ಟುಗಳಲ್ಲಿ ವಕೀಲರಲ್ಲದವರೂ ಜಡ್ಜಿಯಾಗಬಹುದು. ಮನ್ರೋ ಅವರ ಗ್ರಾಮ ಮುನ್ಸೀಫನ ನೆನಪಾಗುತ್ತದೆ. ಇಲ್ಲಿ ಮತ ಕೇಳಬೇಕಾದ ಜಡ್ಜಿಗೆ ಜನರ ಮುಲಾಜು. ಅಲ್ಲಿ ಪರೀಕ್ಷೆ ಗೆದ್ದು ಬಂದವರಿಗೆ ಜನರ ಪರಿಚಯವೇ ಕಡಿಮೆ.

ನಮಗೆ ತೋರುವಂತೆ, ಕಾನೂನು ಪುಸ್ತಕದಿಂದ ಬರುತ್ತದೆ. ಸುಳ್ಳು ಸಾಕ್ಷಿಯನ್ನೂ ಹೆದರಿದ ಸಾಕ್ಷಿಯನ್ನೂ ಬೇರೆ ಮಾಡಿ ನೋಡುವ ಕಣ್ಣು ಕೋರ್ಟಿನಲ್ಲಿ ನಿಂತು ಪಳಗಿದವರಿಗೇ ಬರುತ್ತದೆ. ಊರಿನ ಬದುವಿನ ವ್ಯಾಜ್ಯದಲ್ಲಿ ಬೇಕಾಗುವುದು ಎರಡೂ. ಮೂರು ವರ್ಷದ ನಿಯಮ ಮರಳಿ ಬಂದುದು ಒಳ್ಳೆಯದೇ ಆಯಿತು.