ಬೆಟಗೇರಿಯ ಸುತ್ತಿನ ನಾಡಿನಲ್ಲಿ ಬಾಸೆಲ್ ಮಿಶನಿನವರ ಸುವಾರ್ತಾಸಂಚಾರ

ಬಾಸೆಲ್ ಮಿಶನಿನವರು ಕನ್ನಡಕ್ಕೆ ಮಾಡಿದ ಉಪಕಾರವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರೆಯಲಾಗಿದೆ. ಕಿಟ್ಟೆಲರ ನಿಘಂಟು, ಮೋಗ್ಲಿಂಗರ ಪತ್ರಿಕೆ, ಮಂಗಳೂರಿನ ಮುದ್ರಣಾಲಯ, ಇವುಗಳ ಹೆಸರನ್ನರಿಯದ ಸಾಹಿತ್ಯದ ಅಧ್ಯಾಪಕರಿಲ್ಲ. ಆದರೆ ಆ ಪಾದ್ರಿಗಳು ಸಮುದ್ರವನ್ನು ದಾಟಿ ಬಂದುದು ನಿಘಂಟನ್ನು ಬರೆಯುವುದಕ್ಕಾಗಿ ಅಲ್ಲ. ತಮ್ಮ ಮತವನ್ನು ಸಾರುವುದಕ್ಕಾಗಿ. ಅವರ ನಿತ್ಯದ ಕೆಲಸದಲ್ಲಿ ಮುಖ್ಯವಾದುದು ಊರಿಂದೂರಿಗೆ ಹೋಗಿ ಬೋಧಿಸುವ ಸಂಚಾರ. ವಿದ್ವತ್ತು ಆ ಕೆಲಸದ ಪಕ್ಕದಲ್ಲಿ ಹುಟ್ಟಿದ ಬೆಳೆ. ಈ ಎರಡಕ್ಕೂ ಇರುವ ಸಂಬಂಧವೇನು, ಮತಪ್ರಚಾರದ ದೃಷ್ಟಿಯಿಂದ ಬಹುಮಟ್ಟಿಗೆ ನಿಷ್ಫಲವಾದ ಸಂಚಾರಗಳು ಭಾಷೆಯ ದೃಷ್ಟಿಯಿಂದ ಸಫಲವಾದುದು ಹೇಗೆ, ಎಂಬುದನ್ನು ಧಾರವಾಡ ಜಿಲ್ಲೆಯ ಮೂಡಣ ಭಾಗವನ್ನು ಮುಂದಿಟ್ಟುಕೊಂಡು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಆ ಭಾಗವು ಈಗ ಗದಗ ಜಿಲ್ಲೆಯಲ್ಲಿ ಸೇರಿರುತ್ತದೆ.

(೧)

ಈಸ್ಟ್ ಇಂಡಿಯಾ ಕಂಪನಿಯವರು ಮೊದಮೊದಲು ತಮ್ಮ ಸೀಮೆಯಲ್ಲಿ ಮತಪ್ರಚಾರಕರನ್ನು ನೆಲಸಗೊಡಲು ಹಿಂಜರಿಯುತ್ತಿದ್ದರು. ೧೮೧೩ರ ಸನದಿನಿಂದ ಇಂಗ್ಲೆಂಡಿನ ಪಾದ್ರಿಗಳಿಗೂ, ೧೮೩೩ರ ಸನದಿನಿಂದ ಅನ್ಯದೇಶೀಯರಿಗೂ ಬಾಗಿಲು ತೆರೆಯಿತು. ಕನ್ನಡ ನಾಡಿನಲ್ಲಿ ಇದಕ್ಕೆ ಮೊದಲೇ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸರು ೧೮೧೦ರಲ್ಲಿ ಬಳ್ಳಾರಿಗೆ ಬಂದು, ಬೈಬಲಿನ ಭಾಷಾಂತರಕ್ಕೆ ಕೈಹಾಕಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಮಿಶನಿನಿಂದ ಹೆಬಿಕ್, ಲೇಹ್ನರ್, ಗ್ರೈನರ್ ಎಂಬ ಮೂವರು ೧೮೩೪ರ ಅಕ್ಟೋಬರಿನಲ್ಲಿ ಮಂಗಳೂರನ್ನು ಮುಟ್ಟಿದರು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ೧೮೫೧ರಲ್ಲಿ ಗುಳೇದಗುಡ್ಡ, ಹೀಗೆ ಒಂದೊಂದಾಗಿ ಘಟ್ಟದ ಮೇಲಣ ಠಾಣೆಗಳು ಏರ್ಪಟ್ಟುವು. ಇವುಗಳಲ್ಲಿ ಬೆಟಗೇರಿ, ಗುಳೇದಗುಡ್ಡಗಳು ನೇಕಾರರು ತುಂಬಿದ ಊರುಗಳೆಂಬುದನ್ನು ಗಮನಿಸಬೇಕು.

ಬೆಟಗೇರಿಯಿಂದ ಈಶಾನ್ಯಕ್ಕೆ ಹೊರಟರೆ ನರೇಗಲ್ಲು, ಜಕ್ಕಲಿ, ರೋಣ, ಸೂಡಿ, ಗಜೇಂದ್ರಗಡ ಎಂಬ ಊರುಗಳ ಸೀಮೆ ಒದಗುತ್ತದೆ. ಇದು ಎರೆಯ ನೆಲ. ಜೋಳ, ಹತ್ತಿಗಳ ನಾಡು. ರಾಷ್ಟ್ರಕೂಟ, ಚಾಲುಕ್ಯರ ಕಾಲದ ದೇವಾಲಯಗಳೂ ಶಾಸನಗಳೂ ಇಲ್ಲಿ ಹೇರಳವಾಗಿವೆ. ವೀರಶೈವ ಮಠಗಳು ಊರೂರಿಗೆ ಬೇರೂರಿವೆ. ಕರ್ಣಾಟಕದ ಏಕೀಕರಣಕ್ಕಾಗಿ ದುಡಿದ ಅಂದಾನಪ್ಪ ದೊಡ್ಡಮೇಟಿಯವರ ಊರೆಂದು ಜಕ್ಕಲಿಯ ಹೆಸರು ವಾಚಕರಿಗೆ ಪರಿಚಿತವಾಗಿಯೇ ಇದೆ. ಪೇಶ್ವೆಯರ ಆಳಿಕೆ ೧೮೧೮ರಲ್ಲಿ ಮುಗಿದು ಈ ಸೀಮೆ ಕಂಪನಿಯ ಕೈಗೆ ಬಂದಿತ್ತು. ಆಡಳಿತದಲ್ಲಿ ಮಾತ್ರ ಮರಾಠಿಯ ಪ್ರಾಬಲ್ಯ ತಗ್ಗಿರಲಿಲ್ಲ. ಪಾದ್ರಿಗಳೇ ಈ ಪ್ರಾಂತಕ್ಕೆ ತಮ್ಮ ವರದಿಗಳಲ್ಲಿ ದಕ್ಷಿಣ ಮರಾಠಾ ದೇಶವೆಂಬ ಹೆಸರನ್ನು ಬಳಸುತ್ತಿದ್ದರು. ಆದರೆ ಹಳ್ಳಿಯೊಳಕ್ಕೆ ಕಾಲಿಟ್ಟೊಡನೆ ಅವರಿಗೆ ಕೇಳಿಬಂದುದು ಕನ್ನಡ. ಕನ್ನಡವಲ್ಲದೆ ಬೇರೆ ಸಾಧನದಿಂದ ಅಲ್ಲಿ ಒಂದು ಮಾತನ್ನೂ ನಡೆಸುವಂತಿರಲಿಲ್ಲ.

(೨)

ಇನ್ನು ಸಂಚಾರದ ಕ್ರಮವನ್ನು ನೋಡುವ. ಮಳೆಗಾಲದಲ್ಲಿ ಎರೆಯ ಮಣ್ಣು ಬಂಡಿಯ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಆದುದರಿಂದ ಮಳೆ ನಿಂತು ದಾರಿ ಒಣಗಿದ ಮೇಲೆಯೇ ಹೊರಡುವುದು. ಸುಗ್ಗಿಯ ಮುಂದಿನ ಚಳಿಗಾಲವೇ ಅದಕ್ಕೆ ತಕ್ಕ ಕಾಲ. ಒಬ್ಬರೋ ಇಬ್ಬರೋ ಪಾದ್ರಿಗಳು, ಅವರೊಡನೆ ಈ ನಾಡಿನವರೇ ಆದ ಉಪದೇಶಿಗಳು, ಒಂದೆರಡು ಎತ್ತಿನ ಬಂಡಿ, ಅದರಲ್ಲಿ ಮಂಗಳೂರಿನ ಮುದ್ರಣಾಲಯದಲ್ಲಿ ಅಚ್ಚಾದ ಚಿಕ್ಕ ಪುಸ್ತಕಗಳ ಕಟ್ಟು. ಇಷ್ಟೇ ಪರಿವಾರ. ಊರ ಚಾವಡಿ, ಗುಡಿಯ ಮುಂದಿನ ಬಯಲು, ಸಂತೆಯ ಕಟ್ಟೆ ಮೊದಲಾದ ಜನ ಕೂಡುವ ಎಡೆಗಳಲ್ಲಿ ನಿಂತು ಬೋಧಿಸುವುದು, ಬೋಧನೆಯ ಬಳಿಕ ಪ್ರಶ್ನೋತ್ತರ, ಓದಬಲ್ಲವರಿಗೆ ಪುಸ್ತಕ. ಮರುದಿನ ಮುಂದಿನ ಊರು. ಕೆಲವು ವಾರಗಳ ಮೇಲೆ ಠಾಣೆಗೆ ಹಿಂದಿರುಗಿ, ಸ್ವದೇಶದಲ್ಲಿದ್ದ ಮಂಡಲಿಗೆ ವರದಿಯನ್ನು ಬರೆದು ಕಳುಹಿಸುವುದು. ಈ ವರದಿಗಳನ್ನು ಓದಿಯೇ ಅಲ್ಲಿಯ ಭಕ್ತಜನರು ಕಾಣಿಕೆ ಕೊಡುತ್ತಿದ್ದರಾದುದರಿಂದ, ಸಂಚಾರಕ್ಕೆ ಇಬ್ಬರು ಶ್ರೋತೃಗಳಿದ್ದರೆನ್ನಬಹುದು: ಒಬ್ಬನು ಎದುರಿಗೆ ನಿಂತ ಒಕ್ಕಲಿಗ, ಮತ್ತೊಬ್ಬನು ಸಹಸ್ರಾರು ಮೈಲಿ ದೂರದಲ್ಲಿದ್ದ ದಾನಿ. ಸಂಚಾರವೃತ್ತಾಂತಗಳನ್ನು ಚರಿತ್ರೆಗೆ ಬಳಸುವವನು ಇದನ್ನು ಮರೆಯಬಾರದು.

ಹಳ್ಳಿಗಿಂತಲೂ ಜಾತ್ರೆ ಅವರನ್ನು ಹೆಚ್ಚಾಗಿ ಸೆಳೆಯಿತು. ಸಾವಿರಾರು ಜನ ತಾವಾಗಿ ಒಂದೆಡೆ ನೆರೆಯುವಾಗ ಊರೂರು ಅಲೆಯುವ ಶ್ರಮವಿರದಷ್ಟೆ. ಈ ಪದ್ಧತಿಯಲ್ಲಿ ಹೆಬಿಕ್ಕರು ಹೆಸರಾದವರು. ಮಲೆಯಾಳದ ತಳಿಪರಂಬ, ಪಯ್ಯಾವೂರುಗಳ ಉತ್ಸವಗಳಲ್ಲಿ ಅವರು ವರ್ಷವರ್ಷವೂ ಹೋಗಿ ಬೋಧಿಸಿದುದು ಪ್ರಸಿದ್ಧವಾಗಿದೆ. ಜಾತ್ರೆಯ ಬೋಧನೆಯಲ್ಲಿ ಒಂದು ವಿರೋಧವಡಗಿತ್ತು. ದೇವರನ್ನು ನೋಡಲೆಂದು ಹರಕೆ ಹೊತ್ತು ಬಂದವನಿಗೆ, ಆ ದೇವರು ದೇವರಲ್ಲವೆಂದು ಅವನ ಪುಣ್ಯದಿನದಲ್ಲಿಯೇ ಹೇಳುವ ಕೆಲಸವದು. ಜನ ಕೇಳಿದರು, ಕೆಲವೆಡೆ ನಕ್ಕರು, ಕೆಲವೆಡೆ ಮಣ್ಣು ಎರಚಿದರು, ತೇರು ಮಾತ್ರ ತನ್ನ ಹೊತ್ತಿಗೆ ಎಳೆಯಲ್ಪಟ್ಟಿತು.

(೩)

ಮೇಲೆ ಹೇಳಿದ ಸಂಚಾರಗಳಿಂದ ಹುಟ್ಟಿದ ಘಟನೆಗಳಲ್ಲಿ ಕಾಲಜ್ಞಾನಿಗಳ ಪ್ರಸಂಗವು ಬಹು ಮುಖ್ಯವಾದುದು. ಹದಿನಾರನೆಯ ಶತಮಾನದ ಕೊಡೇಕಲ್ಲ ಬಸವಣ್ಣನ ಪರಂಪರೆಯಲ್ಲಿ ಕಾಲಜ್ಞಾನದ ವಚನಗಳು ಬೆಳೆದು ಬಂದುದನ್ನು ವಿದ್ವಾಂಸರು ಬಲ್ಲರು. ಕೆಟ್ಟ ಕಾಲವು ತೀರಿ ಧರ್ಮದ ಆಳಿಕೆ ಮರಳುವುದೆಂಬುದೂ, ಆ ಸಮಯಕ್ಕೆ ಮಹಾಪುರುಷರು ಬರುವರೆಂಬುದೂ ಅವುಗಳ ಸಾರ. ವಿಜಯನಗರದ ಪತನದಿಂದ ಪೇಶ್ವೆಯರ ಪತನದವರೆಗೆ ಎಷ್ಟೋ ಆಳಿಕೆಗಳು ಅಳಿದುದನ್ನು ಕಂಡ ಈ ನಾಡಿನಲ್ಲಿ ಇಂಥ ನುಡಿಗಳು ಜನರ ಮನಸ್ಸನ್ನು ಹಿಡಿದುದರಲ್ಲಿ ಆಶ್ಚರ್ಯವಿಲ್ಲ.

ಧಾರವಾಡ, ಹುಬ್ಬಳ್ಳಿಗಳಲ್ಲಿ ಪಾದ್ರಿಗಳು ನೆಲಸಿದ ಸ್ವಲ್ಪ ಕಾಲದಲ್ಲಿಯೇ, ೧೮೩೯-೪೦ರ ಸುಮಾರಿನಲ್ಲಿ, ಈ ಪಂಥದ ಕೆಲವರು ಅವರನ್ನು ಕಂಡು ಮಾತನಾಡಿದರು. ತಮ್ಮ ನುಡಿಗಳಲ್ಲಿ ಹೇಳಿರುವ ಕಾಲವು ಬಂದಿತೆಂದೂ, ಪಡುವಲಿಂದ ಬಂದ ಈ ಗುರುಗಳು ಆ ಭವಿಷ್ಯಕ್ಕೆ ಸೇರಿದವರೆಂದೂ ಅವರಲ್ಲಿ ಒಂದು ಭಾವನೆ ಮೂಡಿದಂತೆ ಪಾದ್ರಿಗಳ ಬರಹಗಳಿಂದ ಕಂಡುಬರುತ್ತದೆ. ಪಾದ್ರಿಗಳು ಹಿಗ್ಗಿದರು. ಒಂದು ಸಮಾಜವೇ ಇಡಿಯಾಗಿ ತಮ್ಮ ಮತಕ್ಕೆ ಬರುವುದೆಂದು ನೆಚ್ಚಿದರು. ಹಾಗೆ ಬಂದವರು ತಮ್ಮ ನೆಂಟರಿಷ್ಟರಿಂದ ದೂರವಾದರೆ ಇರಲು ನೆಲ ಬೇಕಷ್ಟೆ? ಅದಕ್ಕಾಗಿ ಬೆಟಗೇರಿಗೆ ಸಮೀಪದ ಮಲಸಮುದ್ರದಲ್ಲಿ ೧೮೪೧ರಲ್ಲಿ ಒಕ್ಕಲುತನದ ಒಂದು ನೆಲಸುದಾಣವನ್ನು ಏರ್ಪಡಿಸಿದರು. ನಿರೀಕ್ಷೆ ಕೈಗೂಡಲಿಲ್ಲ. ಕಾಲಜ್ಞಾನಿಗಳು ಗುಂಪಾಗಿ ಬರಲಿಲ್ಲ.

ಈ ಪ್ರಸಂಗವನ್ನು ಒಂದು ಕಡೆಯ ವಂಚನೆಯೆಂದಾಗಲಿ ಇನ್ನೊಂದು ಕಡೆಯ ಮೌಢ್ಯವೆಂದಾಗಲಿ ತೀರ್ಮಾನಿಸುವುದು ಸರಿಯಲ್ಲ. ಇಲ್ಲಿ ನಡೆದುದು ಎರಡು ಭವಿಷ್ಯಗಳ ಭೇಟಿ. ಪಾದ್ರಿಗಳು ತಮ್ಮ ಶಾಸ್ತ್ರದಲ್ಲಿ ಹೇಳಿರುವ ದೇವರಾಜ್ಯವನ್ನು ಎದುರುನೋಡುತ್ತ ಬಂದವರು. ಅವರಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬೆರ್ಗ್ ಪ್ರಾಂತದವರು. ಕಡೆಗಾಲವು ಹತ್ತಿರವಾಯಿತೆಂಬ ನಂಬಿಕೆ ಅಲ್ಲಿಯ ಭಕ್ತಮಂಡಲಿಗಳಲ್ಲಿ ಬಲವಾಗಿತ್ತು. ಕಾಲಜ್ಞಾನಿಗಳೂ ತಮ್ಮದೇ ಒಂದು ಕಡೆಗಾಲವನ್ನು ಎದುರುನೋಡುತ್ತಿದ್ದರು. ಪಾದ್ರಿಗಳು ಇವರನ್ನು ತಮ್ಮ ಶಾಸ್ತ್ರದ ಒಂದು ಅಧ್ಯಾಯವೆಂದು ಓದಿದರು. ಇವರು ಪಾದ್ರಿಗಳನ್ನು ತಮ್ಮ ಕಾಲಜ್ಞಾನದ ಒಂದು ನುಡಿಯೆಂದು ಓದಿದರು. ಕೆಲಕಾಲ ಎರಡು ಓದುಗಳೂ ಒಂದೇ ಎಂಬಂತೆ ತೋರಿದುವು. ಪಂಥವು ಹೊಸ ಗುರುವನ್ನು ತನ್ನ ಪರಂಪರೆಯೊಳಕ್ಕೆ ಸೇರಿಸಿಕೊಳ್ಳಲು ಸಿದ್ಧವಾಗಿತ್ತು. ಹೊಸ ಗುರುವೋ ಆ ಪರಂಪರೆಯನ್ನೇ ಬಿಟ್ಟು ಬರಬೇಕೆಂದನು. ಅಲ್ಲಿಗೆ ಓದುಗಳು ಬೇರೆಯಾದುವು.

(೪)

ಈ ವಿಫಲತೆಯೇ ಪಾದ್ರಿಗಳಿಗೆ ಪಾಠವಾಯಿತು. ಎದುರಿಗಿದ್ದವನು ಬರಿಗೈಯವನಲ್ಲ, ಅವನಲ್ಲಿಯೂ ಗ್ರಂಥಗಳಿವೆ, ಆ ಗ್ರಂಥಗಳನ್ನರಿಯದೆ ಅವನೊಡನೆ ಮಾತು ಸಾಗದೆಂಬುದು ಮನವರಿಕೆಯಾಯಿತು. ಚಾವಡಿಯ ಪ್ರಶ್ನೋತ್ತರಗಳಲ್ಲಿಯೂ ಇದೇ ಅನುಭವ. ಬೋಧಕನು ಬಳಸುತ್ತಿದ್ದ ಒಂದೊಂದು ಶಬ್ದಕ್ಕೂ ಈ ನಾಡಿನಲ್ಲಿ ಮೊದಲೇ ಒಂದರ್ಥವಿತ್ತು. ಪಾಪವೆಂದರೆ ಕೇಳುವವನಿಗೆ ಹಿಂದಿನ ಜನ್ಮದ ಕರ್ಮ ನೆನಪಾಗುವುದು. ಬೋಧಕನ ಮನಸ್ಸಿನಲ್ಲಿದ್ದುದು ದೇವರ ಆಜ್ಞೆಯ ಉಲ್ಲಂಘನೆ. ಮರುಹುಟ್ಟು ಬೇಕೆಂದು ಬೋಧಕನು ಹೇಳಿದರೆ, ಆ ಮರುಹುಟ್ಟಿನಿಂದ ತಪ್ಪಿಸಿಕೊಳ್ಳುವುದಲ್ಲವೇ ಮೋಕ್ಷ ಎಂದು ಕೇಳುವವನು ಬೆರಗಾಗಬೇಕು. ಅವನು ಶಿವದೀಕ್ಷೆಯನ್ನು ಪಡೆದ ವೀರಶೈವನಾಗಿದ್ದರಂತೂ, ಗುರುಕರಜಾತನಾದ ತನಗೆ ಅದು ಆಗಲೇ ಆಗಿದೆಯೆಂದು ಉತ್ತರವೀಯಬಹುದು. ರಕ್ತದ ಬಲಿಯಿಂದ ಪಾಪಪರಿಹಾರವೆಂಬ ಮಾತು, ಬಲಿಯನ್ನು ಹಳಿಯುತ್ತ ಬಂದ ಶರಣರ ಸಂತತಿಗೆ ಹಿತವಾಗುವಂತಿರಲಿಲ್ಲ. ಒಂದು ನಾಡಿನ ಮಾತಿನಲ್ಲಿ ಅನ್ಯ ನಾಡಿನ ತತ್ತ್ವವನ್ನು ಹೇಳಹೊರಟವನು, ಮಾತಿನೊಡನೆ ಅದರ ನಾಡನ್ನೂ ಎತ್ತಿಕೊಳ್ಳಬೇಕಾಗುತ್ತದೆ.

ಹೀಗೆ ಆಡಲು ಬಂದವರು ಆಲಿಸತೊಡಗಿದರು. ಮೋಗ್ಲಿಂಗರು ೧೮೩೭ರಲ್ಲಿ ಲೇಹ್ನರರೊಡನೆ ಧಾರವಾಡಕ್ಕೆ ಬಂದು ಈ ಸೀಮೆಯ ಕನ್ನಡವನ್ನು ಕಿವಿಯಿಂದ ಕಲಿತವರು. ಗಾದೆಗಳನ್ನು ಸಂಗ್ರಹಿಸಿದರು. ೧೮೪೩ರ ಜುಲೈ ೧ರಂದು ಅವರು ಹೊರಡಿಸಿದ ಮಂಗಳೂರು ಸಮಾಚಾರವು ಕನ್ನಡದ ಮೊದಲ ವೃತ್ತಪತ್ರಿಕೆಯೆಂಬುದು ವಿದಿತವೇ ಸರಿ. ಮುಂದೆ ಕ್ಯಾಸಮೇಜರ್ ಎಂಬ ನ್ಯಾಯಾಧಿಪತಿಯ ದ್ರವ್ಯಸಹಾಯದಿಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ೧೮೫೮ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತುದು ಈ ಕೆಲಸಕ್ಕಾಗಿಯೇ. ವೈಗಲರು ೧೮೪೮ರಲ್ಲಿ ಜರ್ಮನ್ ವಿದ್ವತ್ಪತ್ರಿಕೆಯೊಂದರಲ್ಲಿ ಕನ್ನಡ ಭಾಷಾಸಾಹಿತ್ಯಗಳ ಮೇಲೆ ಲೇಖನವನ್ನು ಬರೆದರು. ವುರ್ತರು ವೀರಶೈವ ಪುರಾಣಗಳನ್ನು ಇಂಗ್ಲಿಷಿಗೆ ತಂದು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದುದಲ್ಲದೆ, ೧೮೬೮ರಲ್ಲಿ ಪ್ರಾಕ್ಕಾವ್ಯಮಾಲಿಕೆಯನ್ನು ಸಂಕಲಿಸಿದರು. ೧೮೫೩ರಲ್ಲಿ ಬಂದ ಕಿಟ್ಟೆಲರು ಮೊದಲ ವರ್ಷಗಳನ್ನು ಈ ಉತ್ತರದ ಠಾಣೆಗಳಲ್ಲಿಯೇ ಕಳೆದವರು. ೧೮೬೨ರಲ್ಲಿ ಕ್ರಿಸ್ತನ ಚರಿತೆಯನ್ನು ಕಥಾಮಾಲೆಯೆಂದು ದೇಶೀಯ ಛಂದಸ್ಸಿನಲ್ಲಿ ಹಾಡಿದರು. ಶಬ್ದಮಣಿದರ್ಪಣವನ್ನು ೧೮೭೨ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು ೧೮೭೫ರಲ್ಲಿಯೂ, ನಿಘಂಟನ್ನು ೧೮೯೪ರಲ್ಲಿಯೂ ಹೊರತಂದರು. ಆ ನಿಘಂಟಿನಲ್ಲಿ ಹಳಗನ್ನಡದ ಕಾವ್ಯಶಬ್ದದ ಪಕ್ಕದಲ್ಲಿಯೇ ಸಂತೆಯ ಮಾತೂ ಗಾದೆಯೂ ಪಂಕ್ತಿಯಲ್ಲಿ ಕುಳಿತಿರುವುದನ್ನು ನೋಡಿದರೆ, ಅದು ಬರಿಯ ಓಲೆಗರಿಗಳಿಂದ ಹುಟ್ಟಿದುದಲ್ಲವೆಂದು ತಿಳಿಯುತ್ತದೆ.

(೫)

ಹಾಗಾದರೆ ಮತಪ್ರಚಾರದಲ್ಲಿ ಸಂಚಾರವು ಏತಕ್ಕೆ ಸೋತಿತು? ಬೋಧಕರ ಮೈಬಣ್ಣ ಆಳುವವರ ಮೈಬಣ್ಣವೇ ಆಗಿದ್ದುದು ಒಂದು ಕಾರಣ. ೧೮೫೮ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬನು ಬಂಡೆದ್ದುದೂ, ಜೂನ್ ತಿಂಗಳಲ್ಲಿ ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದುದೂ ಇದೇ ಸೀಮೆಯ ಕಥೆ. ಇಂಥ ಕಡೆ ಜರ್ಮನನೂ ಇಂಗ್ಲಿಷನೂ ಬೇರೆಯೆಂದು ಹಳ್ಳಿಗನಿಗೆ ತಿಳಿಯುವುದು ಸುಲಭವಲ್ಲ. ಮತಾಂತರ ಹೊಂದಿದವನು ಕುಲದಿಂದ ಹೊರಬಿದ್ದು ಅನ್ನಕ್ಕೂ ಹೆಣ್ಣಿಗೂ ಮಿಶನನ್ನೇ ನೆಚ್ಚಬೇಕಾದುದು ಮತ್ತೊಂದು.

ಆದರೆ ಮೂಲಕಾರಣವು ಸಂಚಾರದ ಸ್ವರೂಪದಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಸಂಚಾರವು ಈ ನಾಡಿಗೆ ಹೊಸದಲ್ಲ. ಜಂಗಮನು ಹೆಸರಿನಿಂದಲೇ ಚರಿಸುವವನು. ದಾಸನೂ ಊರೂರು ತಿರುಗುವವನು. ಅವನು ಮನೆಯ ಬಾಗಿಲಲ್ಲಿ ಭಿಕ್ಷೆಗೆ ನಿಲ್ಲುತ್ತಾನೆ. ಆ ಭಿಕ್ಷೆಯಿಂದ ಅವನಿಗೂ ಊರಿಗೂ ಒಂದು ಋಣ ಹುಟ್ಟುತ್ತದೆ. ಹುಟ್ಟು, ಮದುವೆ, ಸಾವುಗಳಿಗೆ ಅವನು ಬರಲೇಬೇಕು. ಬಾಸೆಲಿನ ಬೋಧಕನು ಏನನ್ನೂ ಬೇಡಲಿಲ್ಲ. ಪುಸ್ತಕವನ್ನು ಕೊಟ್ಟು ಹೊರಟನು. ಜಕ್ಕಲಿಯಂಥ ಹಳ್ಳಿಯ ಪಾಲಿಗೆ ಇಂಥ ಸಂಚಾರದಿಂದ ಬರುವುದು ವರ್ಷಕ್ಕೆ ಹೆಚ್ಚೆಂದರೆ ಒಂದು ಸಂಜೆ. ಒಂದು ಸಂಜೆಯ ಮಾತಿಗಾಗಿ ಯಾರೂ ತಮ್ಮ ಸತ್ತವರನ್ನೂ ನೆಂಟರನ್ನೂ ಬಿಟ್ಟುಕೊಡುವುದಿಲ್ಲ.

ಇದಕ್ಕೆ ಪ್ರತ್ಯುದಾಹರಣೆಯೂ ಮಿಶನಿನ ಚರಿತ್ರೆಯಲ್ಲಿಯೇ ದೊರೆಯುತ್ತದೆ. ೧೮೭೬-೭೮ರ ಬರದಲ್ಲಿ ಅನಾಥ ಮಕ್ಕಳನ್ನು ಸಾಕಿದಾಗ, ಶಾಲೆಗಳನ್ನು ನಡೆಸಿದಾಗ, ಮುಂದೆ ಬೆಟಗೇರಿಯಲ್ಲಿ ಆಸ್ಪತ್ರೆಯನ್ನು ತೆರೆದಾಗ, ಜನ ಅವರನ್ನು ತಮ್ಮವರೆಂದು ಕಂಡರು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸರಕಾರವು ಸೆರೆಯಲ್ಲಿಟ್ಟು ಹಿಂದಕ್ಕೆ ಕಳುಹಿಸಿತು. ಅವರ ಸಭೆಗಳು ಕ್ರಮೇಣ ದಕ್ಷಿಣ ಭಾರತ ಸಭೆಯಲ್ಲಿ ಸೇರಿದುವು. ಆದರೂ ಆ ಆಸ್ಪತ್ರೆಗೆ ಜರ್ಮನ್ ದವಾಖಾನೆಯೆಂಬ ಹೆಸರು ಜನರ ಬಾಯಲ್ಲಿ ಅಳಿಯದೆ ನಿಂತಿದೆ. ಹಾದುಹೋದವರ ಹೆಸರನ್ನು ಊರು ಮರೆಯಿತು. ನಿಂತವರ ಹೆಸರನ್ನು ಉಳಿಸಿಕೊಂಡಿತು.

ಭಾಷೆಯ ವಿಷಯದಲ್ಲಿಯೂ ನಡೆದುದು ಇದೇ. ಮೋಗ್ಲಿಂಗ್, ವೈಗಲ್, ವುರ್ತ್, ಕಿಟ್ಟೆಲರು ಕನ್ನಡದಲ್ಲಿ ಸಂಚರಿಸಿ ಹೊರಟುಹೋಗಲಿಲ್ಲ, ಅದರಲ್ಲಿ ನೆಲಸಿದರು. ಅವರ ವಿದ್ವತ್ತನ್ನು ಮಾತ್ರ ಹೊಗಳಿ ಸಂಚಾರವನ್ನು ಮುಚ್ಚಿಡುವುದಾಗಲಿ, ಸಂಚಾರವನ್ನು ಹಳಿದು ವಿದ್ವತ್ತನ್ನು ಶಂಕಿಸುವುದಾಗಲಿ ಚರಿತ್ರಕಾರನಿಗೆ ಸಲ್ಲದು. ಮನಸ್ಸು ತಿರುಗಿಸಲು ಹೊರಟವರಿಗೆ ಜನರ ಮನಸ್ಸನ್ನು ತಿಳಿಯಬೇಕಾಯಿತು. ತಿಳಿಯುವ ಆ ಕೆಲಸದಿಂದಲೇ ನಮ್ಮ ನಿಘಂಟೂ ನಮ್ಮ ಮೊದಲ ಅಚ್ಚಿನ ಕಾವ್ಯಗಳಲ್ಲಿ ಹಲವೂ ಹುಟ್ಟಿದುವು. ಅವರ ಸಂಚಾರವೃತ್ತಾಂತಗಳನ್ನು ಜರ್ಮನ್ ಮೂಲಗಳಿಂದ ಕನ್ನಡಕ್ಕೆ ತಂದು, ಅವುಗಳಲ್ಲಿ ಬರುವ ಹಳ್ಳಿಗರ ಪ್ರಶ್ನೆಗಳನ್ನು ಆಯ್ದು ಸಂಪಾದಿಸಿದರೆ, ಹತ್ತೊಂಬತ್ತನೆಯ ಶತಮಾನದ ಕನ್ನಡಿಗನು ತನ್ನ ಧರ್ಮವನ್ನು ಕುರಿತು ತಾನೇ ಏನೆಂದುಕೊಂಡಿದ್ದನೆಂಬುದಕ್ಕೆ ಒಳ್ಳೆಯ ಆಧಾರಗಳು ದೊರೆಯುವುವು. ಉತ್ತರಗಳು ಅಚ್ಚಾಗಿ ಬಂದು ನೂರು ವರ್ಷಗಳ ಮೇಲಾಯಿತು. ಪ್ರಶ್ನೆಗಳನ್ನು ಅಚ್ಚುಹಾಕಿಸುವ ಕೆಲಸವು ಇನ್ನು ನಮ್ಮ ವಿದ್ವಾಂಸರದು.