ಅಂಚೆಚೀಲದಿಂದ ಅಂತರ್ಜಾಲಕ್ಕೆ

ನಗರ್ತಪೇಟೆಯ ಜಗಲಿಯಲ್ಲಿ ಕುಳಿತು ನಿವೃತ್ತ ಅಜ್ಜನೊಬ್ಬರು ಪಿಂಚಣಿಯ ಕಾಗದಕ್ಕಾಗಿ ಅಂಚೆಯವನ ದಾರಿ ಕಾಯುತ್ತಿದ್ದ ಕಾಲವನ್ನು ಊಹಿಸಿಕೊಳ್ಳಿ. ಆ ಅಂಚೆಗೂ ಒಂದು ಇತಿಹಾಸವಿದೆ. ಮೈಸೂರು ಸೀಮೆಯಲ್ಲಿ ಅದಕ್ಕೆ ವ್ಯವಸ್ಥಿತ ರೂಪ ಕೊಟ್ಟವರು 17ನೆಯ ಶತಮಾನದ ಚಿಕ್ಕದೇವರಾಜ ಒಡೆಯರು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಯಿತು.

ಪಿಂಚಣಿ ದಾನವೇ, ಹಕ್ಕೇ? 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉತ್ತರ ನೀಡಿತು: ಅದು ಸರ್ಕಾರದ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು. ಆದರೂ ಬದುಕಿರುವುದನ್ನು ನಿವೃತ್ತರು ವರ್ಷಕ್ಕೊಮ್ಮೆ ರುಜುವಾತುಪಡಿಸಲೇಬೇಕು. ಅದಕ್ಕಾಗಿ ನವೆಂಬರ್ ಬಂತೆಂದರೆ ಬ್ಯಾಂಕಿನ ಮುಂದೆ ಸಾಲು.

2014ರ ನವೆಂಬರ್ 10ರಂದು ‘ಜೀವನ್ ಪ್ರಮಾಣ್’ ಬಂದಿತು. ಆಧಾರ್ ಆಧರಿಸಿದ ಬೆರಳಚ್ಚು ಸಾಕಾಯಿತು. ದುಡಿದು ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ? 2021ರಲ್ಲಿ ಮುಖ ತೋರಿಸುವ ಕ್ರಮ ಸೇರಿತು. ಕೇಂದ್ರ ಸರ್ಕಾರದ ನಿವೃತ್ತರಿಗೆ ಪಿಂಚಣಿ ಆದೇಶವನ್ನೇ ಡಿಜಿಲಾಕರ್‌ನಲ್ಲಿ ಒದಗಿಸುವ ಏರ್ಪಾಡೂ ಆಯಿತು.

ಸೋಜಿಗವೆಂದರೆ, 2020ರಿಂದ ಅಂಚೆಯವನೇ ಯಂತ್ರ ಹಿಡಿದು ಮನೆಬಾಗಿಲಿಗೆ ಬಂದು ಈ ಪ್ರಮಾಣಪತ್ರ ಮಾಡಿಕೊಡುತ್ತಿದ್ದಾನೆ. ಕಾಗದ ಹೋದರೂ ಮನುಷ್ಯ ಬೇಕಾಯಿತು! ಮೊಬೈಲು ಬಾರದೆಂಬ ಕಾರಣಕ್ಕೆ ಯಾರ ಹಕ್ಕೂ ತಪ್ಪಬಾರದಲ್ಲವೇ? ನಿಮ್ಮ ಅಜ್ಜ-ಅಜ್ಜಿಯರ ಪಕ್ಕದಲ್ಲಿ ಕುಳಿತು, ಬಂದ ಸಂದೇಶವನ್ನು ಓದಿ ಹೇಳಿ.