ವಾದದಿಂದ ಮನಸ್ಸು ಬದಲಾಗುತ್ತದೆಯೆ?

ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ರಾಜಕೀಯದ ಮಾತು ಬಂದರೆ ಅಪ್ಪನಿಗೂ ನನಗೂ ಜಗಳವೇ. ಈ ಸಲ ಅಮ್ಮ ಬೇಸತ್ತು, "ವಾದ ಮಾಡಿ ಯಾರು ಯಾರನ್ನು ಬದಲಾಯಿಸಿದ್ದಾರೆ?" ಎಂದಳು. ಉತ್ತರ ಹೊಳೆಯಲಿಲ್ಲ. ಆಮೇಲೆ ನೆನಪಾದದ್ದು ನಾನು ಸಂಶೋಧನೆಗಾಗಿ ಓದುತ್ತಿರುವ ಸಂವಿಧಾನ ಸಭೆಯ ನಡಾವಳಿ.

1946ರ ಡಿಸೆಂಬರ್ 13ರಂದು ನೆಹರೂ ಧ್ಯೇಯಗಳ ನಿರ್ಣಯವನ್ನು ಮಂಡಿಸಿದರು. ಮುಸ್ಲಿಂ ಲೀಗ್ ಸಭೆಯಿಂದ ದೂರ ಉಳಿದಿತ್ತು. ಅವರಿಗಾಗಿ ಕಾಯೋಣವೆಂದು ಎಂ. ಆರ್. ಜಯಕರ್ ತಿದ್ದುಪಡಿ ತಂದಾಗ ವಿರೋಧ ಎದ್ದಿತು. 17ರಂದು ಅಂಬೇಡ್ಕರ್ ಮಾತಾಡಿದರು. ಅವರು ಕಾಂಗ್ರೆಸ್ಸಿನ ಕಟು ಟೀಕಾಕಾರರು. ಸಭೆಯಲ್ಲಿ ಹೆಚ್ಚಿನವರು ಕಾಂಗ್ರೆಸ್ಸಿಗರು. ನಿರ್ಣಯದ ಕೊರತೆಗಳನ್ನು ಅವರು ಮುಚ್ಚಿಡಲಿಲ್ಲ. ಆದರೆ ನಾವು ಇಂದು ಒಡೆದುಹೋಗಿದ್ದರೂ ಈ ದೇಶ ಒಂದಾಗುವುದರಲ್ಲಿ ತಮಗೆ ಸಂದೇಹವಿಲ್ಲ ಎಂದರು. ಅದು ಎದುರಿಗಿದ್ದವರದೂ ಆಸೆಯೇ. ಆಮೇಲೆ, ನಿರ್ಣಯ ಮಾಡುವ ಹಕ್ಕು ನಮಗಿದೆಯೆ ಎಂಬುದನ್ನು ಬದಿಗಿಡಿ, ಈಗಲೇ ಮಾಡುವುದು ವಿವೇಕವೆ ಎಂದು ಕೇಳಿದರು.

21ರಂದು ಸಭೆ ಚರ್ಚೆಯನ್ನು ಜನವರಿಗೆ ಮುಂದೂಡಿತು. ಇದಕ್ಕೆ ಒಂದು ಭಾಷಣವೇ ಕಾರಣ ಎನ್ನಲಾರೆ. ಲೀಗ್ ಕೊನೆಗೂ ಬರಲಿಲ್ಲ. 1947ರ ಜನವರಿ 22ರಂದು ನಿರ್ಣಯ ಅಂಗೀಕಾರವಾಯಿತು. ಯಾರೂ ತಮ್ಮ ಪಕ್ಷ ಬಿಡಲಿಲ್ಲ. ಆದರೆ ಬಹುಮತವಿದ್ದವರು ಒಂದು ತಿಂಗಳು ಕಾದರು.

ವಾದದಿಂದ ಆಗುವುದು ಬಹುಶಃ ಇಷ್ಟೇ. ಇದು ಕಡಿಮೆಯೇನಲ್ಲ. ಅಪ್ಪನ ಮತವನ್ನು ನಾನು ಬದಲಾಯಿಸಲಾರೆ. ಮುಂದಿನ ಹಬ್ಬಕ್ಕೆ, ಅವರ ಮಾತಿನಲ್ಲಿ ನಾನು ಒಪ್ಪುವುದು ಯಾವುದೆಂದು ಹೇಳಿ ಶುರುಮಾಡಬೇಕು. ಅದಕ್ಕೆ ಮೊದಲು ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕು.